ತಂದೆ ಸಮಾನರಾದ ಚಿಂಚೋಳಿಯ ವೀರೇಂದ್ರ ಪಾಟೀಲರು



ನಮ್ಮ ಸಂಘದ ಬೆಳ್ಳಿ ಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆದಿದ್ದಾರೆ. ಶೇರು ಎಷ್ಟು, ಠೇವಣಿ ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು ಎಂಬುದು ಅಲ್ಲಿ ಸಿಗುತ್ತದೆ. ನನ್ನ ಪಾಲಿಗೆ ನಮ್ಮ ಭಾಗದ ಒಬ್ಬ ಹಿರಿಯರ ಇತಿಹಾಸ ಬರೆಯುವ ಕೆಲಸ ಬಂದಿದೆ. ನಾನು ಒಕ್ಕಲುತನ ಮಾಡುವವ, ಎಸ್.ಎಸ್.ಎಲ್.ಸಿ. ತನಕ ಓದಿದವ. ಪಂಡಿತರ ಹಾಗೆ ಬರೆಯಲು ಬರುವುದಿಲ್ಲ. ತಿಳಿದದ್ದನ್ನು ನೇರವಾಗಿ ಹೇಳುತ್ತೇನೆ.

ಊರಿಗೊಬ್ಬ ಹಿರಿಯ, ಮನೆಗೊಬ್ಬ ಅಪ್ಪ ಇದ್ದ ಹಾಗೆ ಒಂದು ಸೀಮೆಗೂ ಒಬ್ಬ ತಂದೆ ಇರುತ್ತಾನೆ. ರೋಜಾದಿಂದ ಹಿಡಿದು ಕಮಲಾಪುರದ ಆಚೆ ತನಕ, ನಮ್ಮ ತಂದೆಯವರ ವಯಸ್ಸಿನವರನ್ನು ಕೇಳಿ ನೋಡ್ರಿ, "ಪಾಟೀಲ ಸಾಹೇಬ್ರು" ಅಂತ ಬರೀ ಅಷ್ಟೇ ಅಂದರೆ ಸಾಕು, ಯಾವ ಪಾಟೀಲರು ಅಂತ ಯಾರೂ ಕೇಳುವುದಿಲ್ಲ. ಅವರು ಚಿಂಚೋಳಿಯ ವೀರೇಂದ್ರ ಪಾಟೀಲರು. ಎರಡು ಸಲ ಈ ರಾಜ್ಯದ ಮುಖ್ಯಮಂತ್ರಿ ಆದವರು. ಎರಡು ಸಲವೂ ಅವಧಿ ತುಂಬುವ ಮೊದಲೇ ಕುರ್ಚಿ ಬಿಟ್ಟವರು. ಆದರೂ ಇವತ್ತಿಗೂ ಹೆಸರು ಕೆಡದೆ ಉಳಿದವರು. ಸಾರ್ವಜನಿಕರ ರೊಕ್ಕ ಕೈಯಲ್ಲಿ ಹಿಡಿಯುವ ನಮ್ಮಂಥವರು ಅವರ ಬದುಕಿನಿಂದ ಕಲಿಯುವುದು ಬಹಳ ಇದೆ ಎಂದು ನನ್ನ ನಂಬಿಕೆ.

ನಿಜಾಮ ಸೀಮೆಯ ಹುಡುಗ

ಪಾಟೀಲರು ಹುಟ್ಟಿದ್ದು 1924ರ ಫೆಬ್ರವರಿ 28ರಂದು, ಆಗಿನ ಗುಲಬರ್ಗಾ ಜಿಲ್ಲೆಯ ಚಿಂಚೋಳಿಯಲ್ಲಿ. ಚಿಂಚೋಳಿ ಅಂದರೆ ನಮಗೆ ಮೂಡಣ ದಿಕ್ಕಿನ ತಾಲೂಕು. ಮುಲ್ಲಾಮಾರಿ ಹೊಳೆ, ಕಾಡು, ತೊಗರಿ ಹೊಲ, ಆಚೆ ತೆಲುಗು ನಾಡಿನ ಗಡಿ. ಆ ಕಾಲಕ್ಕೆ ನಮ್ಮ ಜಿಲ್ಲೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಕಚೇರಿ ಭಾಷೆ ಉರ್ದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ಮೂರ್ನಾಲ್ಕು ಭಾಷೆ. ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಉಳಿದಿರುವ ದಫ್ತರ, ಪಹಣಿ, ಪಂಚನಾಮೆ, ಜಮಾಬಂದಿ ಎಂಬ ಮಾತುಗಳು ಆ ಕಾಲದ ಗುರುತು.

ಹೆಚ್ಚಿನ ಓದು ಬೇಕೆಂದರೆ ಆಗ ಹೈದರಾಬಾದಿಗೆ ಹೋಗಬೇಕಿತ್ತು. ಇವತ್ತು ಕಲಬುರಗಿಯಲ್ಲಿ ಇರುವಷ್ಟು ಕಾಲೇಜು ಆಗ ಇರಲಿಲ್ಲ, ವಿಶ್ವವಿದ್ಯಾಲಯವೂ ಇರಲಿಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಮಹಾದೇವಪ್ಪ ರಾಂಪೂರೆಯವರು ಕಟ್ಟಿದ್ದು 1958ರಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಪಾಟೀಲರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಕಾನೂನು ಪದವಿ ಪಡೆದರು. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ನಮಗೆ ಬರಲಿಲ್ಲ. ರಜಾಕಾರರ ಹಾವಳಿಯ ಆ ಒಂದು ವರ್ಷ ಹಳ್ಳಿಗಳು ಹೇಗಿದ್ದವು ಎಂಬುದನ್ನು ಅಜ್ಜಂದಿರು ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. 1948ರ ಸೆಪ್ಟೆಂಬರ್ 17ಕ್ಕೆ ಪೊಲೀಸ್ ಕಾರ್ಯಾಚರಣೆ ಮುಗಿದು ನಾವು ಭಾರತಕ್ಕೆ ಸೇರಿದೆವು. ಪಾಟೀಲರು ಬೆಳೆದು ದೊಡ್ಡವರಾದದ್ದು ಇಂಥ ಕಾಲದಲ್ಲಿ.

ಮೂರು ಸರಕಾರ ಕಂಡ ಮನುಷ್ಯ

1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಬಂತು. ಆಗ ಪಾಟೀಲರಿಗೆ 28 ವರ್ಷ. ಹೈದರಾಬಾದ್ ವಿಧಾನಸಭೆಗೆ ಆರಿಸಿ ಹೋದರು. 1956ರ ನವೆಂಬರ್ 1ಕ್ಕೆ ಭಾಷಾವಾರು ಪ್ರಾಂತ್ಯ ರಚನೆಯಾಗಿ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಕೂಡಿದವು. 1957ರಲ್ಲಿ ಚಿಂಚೋಳಿಯಿಂದ ಗೆದ್ದು ಬೆಂಗಳೂರಿನ ವಿಧಾನಸೌಧಕ್ಕೆ ಹೋದರು. ನಿಜಾಮರ ಆಳ್ವಿಕೆ, ಹೈದರಾಬಾದ್ ರಾಜ್ಯ, ಮೈಸೂರು ರಾಜ್ಯ, ಹೀಗೆ 35 ವರ್ಷ ತುಂಬುವುದರೊಳಗೆ ಮೂರು ಸರಕಾರ ಕಂಡರು.

ಇಲ್ಲಿ ನಮ್ಮ ಸಂಘಕ್ಕೆ ಸಂಬಂಧಪಟ್ಟ ಒಂದು ಮಾತು ಹೇಳಬೇಕು. ಏಕೀಕರಣದ ಹೊತ್ತಿಗೆ ಸಹಕಾರ ಸಂಘಗಳಿಗೆ ಹೈದರಾಬಾದಿನದೊಂದು ಕಾಯಿದೆ, ಮುಂಬಯಿಯದೊಂದು, ಮದ್ರಾಸಿನದೊಂದು, ಹಳೆ ಮೈಸೂರಿನದೊಂದು, ಕೊಡಗಿನದೊಂದು ಇತ್ತು. ಒಂದೇ ರಾಜ್ಯ, ಐದು ಕಾಯಿದೆ. ಅದನ್ನೆಲ್ಲ ತೆಗೆದು ಇಡೀ ರಾಜ್ಯಕ್ಕೆ ಒಂದೇ ಸಹಕಾರ ಸಂಘಗಳ ಕಾಯಿದೆ ಬಂದದ್ದು 1959ರಲ್ಲಿ. ಜಾರಿಗೆ ಬಂದದ್ದು 1960ರ ಜೂನ್ 1ರಿಂದ. ನಮ್ಮ ಸಂಘ ನೋಂದಣಿ ಆದದ್ದು, ನಾವು ವರ್ಷಾ ವರ್ಷ ಮಹಾಸಭೆ ಕರೆಯುವುದು, ಲೆಕ್ಕ ತಪಾಸಣೆ ಮಾಡಿಸುವುದು ಎಲ್ಲಾ ಅದೇ ಕಾಯಿದೆ ಪ್ರಕಾರ. ಆ ಕಾಯಿದೆಯನ್ನು ಪಾಸು ಮಾಡಿದ ಸಭೆಯಲ್ಲಿ ಚಿಂಚೋಳಿಯ ಶಾಸಕರಾಗಿ ಪಾಟೀಲರೂ ಇದ್ದರು.

ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ ಆದಾಗ ಪಾಟೀಲರನ್ನು ಉಪಮಂತ್ರಿ ಮಾಡಿಕೊಂಡರು. ಮುಂದೆ ಅವರ ಸಂಪುಟದಲ್ಲಿಯೇ ಲೋಕೋಪಯೋಗಿ ಮಂತ್ರಿ ಆದರು. ಪಾಟೀಲರನ್ನೂ ರಾಮಕೃಷ್ಣ ಹೆಗಡೆಯವರನ್ನೂ ಕೂಡಿಸಿ ನಿಜಲಿಂಗಪ್ಪನವರ ಲವ ಕುಶರು ಎಂದು ಜನ ಕರೆಯುತ್ತಿದ್ದರು. ಒಬ್ಬರು ಉತ್ತರ ಕನ್ನಡದವರು, ಒಬ್ಬರು ಕಲಬುರಗಿಯವರು. ಇಬ್ಬರೂ ಮುಂದೆ ಮುಖ್ಯಮಂತ್ರಿ ಆದರು.

ಹಿಂದುಳಿದ ಸೀಮೆಯಿಂದ ಮೊದಲ ಮುಖ್ಯಮಂತ್ರಿ

ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಹೋದ ಮೇಲೆ, 1968ರ ಮೇ 29ಕ್ಕೆ ವೀರೇಂದ್ರ ಪಾಟೀಲರು ಮುಖ್ಯಮಂತ್ರಿ ಆದರು. ವಯಸ್ಸು 44. ಹೈದರಾಬಾದ್ ಕರ್ನಾಟಕದಿಂದ ಆ ಸ್ಥಾನಕ್ಕೆ ಹೋದವರಲ್ಲಿ ಅವರೇ ಮೊದಲಿಗರು. ರಾಜ್ಯಕ್ಕೆ ಕೂಡಿ ಇನ್ನೂ ಹನ್ನೆರಡು ವರ್ಷ ತುಂಬಿರಲಿಲ್ಲ. ಬೆಂಗಳೂರು ಕಡೆ ನಮ್ಮನ್ನು "ನಿಜಾಮ ಸೀಮೆಯವರು, ಬರದ ಸೀಮೆಯವರು" ಎಂದು ನೋಡುತ್ತಿದ್ದ ಕಾಲ. ನಮ್ಮ ಮಾತು ಕೇಳಿ ನಗುವವರೂ ಇದ್ದರು. ಅಂಥ ಕಾಲದಲ್ಲಿ ನಮ್ಮವನೊಬ್ಬ ಇಡೀ ರಾಜ್ಯದ ಯಜಮಾನಿಕೆ ಮಾಡಬಲ್ಲ ಎಂದು ತೋರಿಸಿದ್ದು ಸಣ್ಣ ಮಾತಲ್ಲ. ಅದರ ಬೆಲೆ ರೂಪಾಯಿಯಲ್ಲಿ ಅಳೆಯಲು ಬರುವುದಿಲ್ಲ.

ಅವರ ಮೊದಲ ಅವಧಿ ಎರಡು ವರ್ಷ ಹತ್ತು ತಿಂಗಳು. ಆ ಅವಧಿಯಲ್ಲಿಯೇ, 1969ರ ಏಪ್ರಿಲ್‌ನಲ್ಲಿ, ಕೃಷ್ಣಾ ನೀರಿನ ಹಂಚಿಕೆಗೆ ಬಚಾವತ್ ನ್ಯಾಯಮಂಡಳಿ ನೇಮಕವಾಯಿತು. ಇವತ್ತು ನಾರಾಯಣಪುರದ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರ, ಜೇವರ್ಗಿ ಕಡೆ ಹೊಲಗಳಿಗೆ ಹರಿಯುವ ನೀರಿಗೂ ಆ ನ್ಯಾಯಮಂಡಳಿಯ ತೀರ್ಪಿಗೂ ನೇರ ಸಂಬಂಧ ಇದೆ. 1970ರಲ್ಲಿ ಮೈಸೂರು ವಿದ್ಯುತ್ ನಿಗಮ ಹುಟ್ಟಿತು. ಅದೇ ಇವತ್ತಿನ ಕರ್ನಾಟಕ ವಿದ್ಯುತ್ ನಿಗಮ. ಮುಂದೆ ನಮ್ಮ ಭಾಗದ ರಾಯಚೂರಿನಲ್ಲಿ ಶಾಖೋತ್ಪನ್ನ ಕೇಂದ್ರ ಕಟ್ಟಿದ್ದು ಅದೇ ನಿಗಮ. ನಮ್ಮ ಪಂಪುಸೆಟ್ಟು ತಿರುಗುವುದರ ಹಿಂದೆ ಇಷ್ಟೆಲ್ಲಾ ಇತಿಹಾಸ ಇದೆ.

ಪಕ್ಷ ಒಡೆಯಿತು, ಕುರ್ಚಿ ಹೋಯಿತು

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ ಆಯಿತು. ದೇಶದ ಹಿರಿಯ ನಾಯಕರೆಲ್ಲ ಅಲ್ಲಿದ್ದರು. ರಾಜ್ಯದ ಮುಖ್ಯಮಂತ್ರಿ ಪಾಟೀಲರು. ಆ ಸಭೆಯಲ್ಲಿ ಎದ್ದ ಭಿನ್ನಾಭಿಪ್ರಾಯ ಬೆಳೆದು ವರ್ಷ ಮುಗಿಯುವುದರೊಳಗೆ ಪಕ್ಷವೇ ಎರಡು ಹೋಳಾಯಿತು. ಅದೇ ಜುಲೈ 19ಕ್ಕೆ ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣ ಆದವು. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿಯವರು, ಇನ್ನೊಂದು ಕಡೆ ನಿಜಲಿಂಗಪ್ಪನವರು. ಪಾಟೀಲರು ತಮ್ಮನ್ನು ಬೆಳೆಸಿದ ನಿಜಲಿಂಗಪ್ಪನವರ ಕಡೆ ನಿಂತರು. ದಿಲ್ಲಿಯ ಅಧಿಕಾರ ಆ ಕಡೆ ಇತ್ತು ಎಂಬುದು ಅವರಿಗೆ ಗೊತ್ತಿಲ್ಲದ ಮಾತಲ್ಲ.

1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಹೋದವು. ಶಾಸಕರು ಒಬ್ಬೊಬ್ಬರಾಗಿ ಆ ಕಡೆ ಸರಿದರು. ಮಾರ್ಚ್ 18ಕ್ಕೆ ಪಾಟೀಲರ ಸರಕಾರ ಹೋಯಿತು, ರಾಷ್ಟ್ರಪತಿ ಆಡಳಿತ ಬಂತು. ಅಧಿಕಾರ ಇರುವ ತನಕ ಬಾಗಿಲ ತುಂಬ ಮಂದಿ, ಅಧಿಕಾರ ಹೋದ ಮೇಲೆ ಅಂಗಳ ಬರಿದು. ಇದು ಸಣ್ಣ ಸೊಸಾಯಿಟಿಯ ಚುನಾವಣೆಯಲ್ಲೂ ನಾವು ಕಾಣುವ ಸಂಗತಿಯೇ.

ಅವರು ಮನೆ ಹಿಡಿದು ಕೂಡಲಿಲ್ಲ. 1972ರಿಂದ ರಾಜ್ಯಸಭೆಯಲ್ಲಿ ಕೆಲಸ ಮಾಡಿದರು. ತುರ್ತು ಪರಿಸ್ಥಿತಿಯ ನಂತರ ಜನತಾ ಪಕ್ಷದಲ್ಲಿದ್ದರು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ ಬಂತು. ಇಂದಿರಾ ಗಾಂಧಿಯವರೇ ಅಭ್ಯರ್ಥಿ. ಎದುರಿಗೆ ಜನತಾ ಪಕ್ಷ ನಿಲ್ಲಿಸಿದ್ದು ನಮ್ಮ ಚಿಂಚೋಳಿಯ ಪಾಟೀಲರನ್ನು. ದೇಶ ವಿದೇಶದ ಪತ್ರಕರ್ತರೆಲ್ಲ ಆ ಕಾಫಿ ಸೀಮೆಗೆ ಬಂದಿದ್ದರು. ಪಾಟೀಲರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಸೋತರೂ ಅವರ ಹೆಸರು ಆಗ ದೇಶದ ಮೂಲೆ ಮೂಲೆಗೆ ಹೋಯಿತು.

ಮುಂದೆ ಅವರು ಇಂದಿರಾ ಗಾಂಧಿಯವರ ಪಕ್ಷಕ್ಕೆ ಮರಳಿದರು. ಎದುರಾಳಿಯ ಮನೆಗೇ ಹೋದರಲ್ಲ ಎಂದು ಮಾತಾಡಿದವರೂ ಇದ್ದರು. ಇತಿಹಾಸ ಬರೆಯುವಾಗ ಇದನ್ನು ಮುಚ್ಚಿಡಬಾರದು. ರಾಜಕಾರಣದಲ್ಲಿ ಪಕ್ಷ ಬದಲಾಯಿಸದವರು ಆ ಕಾಲದಲ್ಲಿ ಕಡಿಮೆ. ಆದರೆ ಪಕ್ಷ ಬದಲಾದರೂ ಅವರ ಕೈ ಬದಲಾಗಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಆ ಕೈ ಸ್ವಚ್ಛವೇ ಇತ್ತು. 1980ರಲ್ಲಿ ಬಾಗಲಕೋಟೆಯಿಂದ, 1984ರಲ್ಲಿ ನಮ್ಮ ಗುಲಬರ್ಗಾದಿಂದ ಲೋಕಸಭೆಗೆ ಗೆದ್ದರು. ಕೇಂದ್ರದಲ್ಲಿ ಪೆಟ್ರೋಲಿಯಂ, ಹಡಗು ಮತ್ತು ಸಾರಿಗೆ, ಕಾರ್ಮಿಕ ಖಾತೆ ನೋಡಿದರು. 1984ರ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ ದುರಂತ ಆಯಿತಲ್ಲ, ಅದಾದ ಕೆಲವೇ ದಿನಕ್ಕೆ ರಾಸಾಯನಿಕ ಮತ್ತು ರಸಗೊಬ್ಬರ ಖಾತೆ ಅವರ ಕೈಗೆ ಬಂತು. ನೊಂದವರ ಪರವಾಗಿ ಸರಕಾರವೇ ಪರಿಹಾರದ ದಾವೆ ನಡೆಸುವ ಕಾಯಿದೆ 1985ರಲ್ಲಿ ಬಂದಾಗ ಆ ಖಾತೆಯ ಮಂತ್ರಿ ಅವರೇ.

ಎರಡನೆಯ ಸಲ

1989ರ ನವೆಂಬರ್‌ನಲ್ಲಿ ವಿಧಾನಸಭಾ ಚುನಾವಣೆ ಆಯಿತು. ರಾಜ್ಯ ಕಾಂಗ್ರೆಸ್ಸಿನ ಮುಂದಾಳು ಪಾಟೀಲರು. 224ರಲ್ಲಿ 178 ಸ್ಥಾನ ಬಂದವು. ಅವರೂ ಚಿಂಚೋಳಿಯಿಂದ ಗೆದ್ದರು. ನವೆಂಬರ್ 30ಕ್ಕೆ ಎರಡನೆಯ ಸಲ ಮುಖ್ಯಮಂತ್ರಿ ಆದರು. ಮೊದಲ ಸಲ ಕುರ್ಚಿ ಬಿಟ್ಟು ಹದಿನೆಂಟು ವರ್ಷ ಕಳೆದಿತ್ತು. ವಯಸ್ಸು 65.

ಈ ಸಲ ಅವರು ಹಣಕಾಸಿನ ಶಿಸ್ತಿಗೆ ಕೈ ಹಾಕಿದರು. ಅಬಕಾರಿ ಗುತ್ತಿಗೆದಾರರ ವಿಷಯದಲ್ಲಿ ಬಿಗಿ ಹಿಡಿದರು. ಸೋರಿ ಹೋಗುತ್ತಿದ್ದ ಆದಾಯ ಸರಕಾರದ ಖಜಾನೆಗೆ ಬರುವ ಹಾಗೆ ಮಾಡಿದರು ಎಂದು ಅವರಿಗೆ ಹೆಸರು ಬಂತು. ರೊಕ್ಕದ ಬಲ ಇದ್ದವರನ್ನು ಎದುರು ಹಾಕಿಕೊಳ್ಳುವುದು ಎಂದರೆ ಏನು ಎಂಬುದು ಬಡ್ಡಿ ವ್ಯಾಪಾರಿಯ ಎದುರು ಸೊಸಾಯಿಟಿ ಕಟ್ಟಿದ ಹಳ್ಳಿಯವರಿಗೆ ಚೆನ್ನಾಗಿ ಗೊತ್ತು.

ಅದೇ 1990ರಲ್ಲಿ ವಿ.ಪಿ. ಸಿಂಗ್ ಅವರ ಕೇಂದ್ರ ಸರಕಾರ ರೈತರ 10 ಸಾವಿರ ರೂಪಾಯಿ ತನಕದ ಸಾಲ ಮನ್ನಾ ಮಾಡುವ ಯೋಜನೆ ತಂದಿತು. ರಾಜ್ಯದ ಸಹಕಾರ ಸಂಘಗಳಲ್ಲಿ ಅದನ್ನು ನಡೆಸುವ ಭಾರ ರಾಜ್ಯ ಸರಕಾರಗಳ ಮೇಲೂ ಬಿತ್ತು. ಬರಗಾಲದಲ್ಲಿ ಬೆಂದ ಎಷ್ಟೋ ಮನೆಗಳಿಗೆ ಅದರಿಂದ ಉಸಿರು ಬಂತು. ಅದರ ಜೊತೆಗೆ ಎಷ್ಟೋ ಸಂಘಗಳಲ್ಲಿ ಮುಂದೆ ವಸೂಲಿಯೂ ಸೊರಗಿತು, "ಇನ್ನೊಮ್ಮೆ ಮನ್ನಾ ಆಗ್ತದ, ಯಾಕ ತುಂಬಬೇಕು" ಎಂಬ ಮಾತು ಹುಟ್ಟಿತು. ಎರಡನ್ನೂ ಹೇಳಿದರೆ ಮಾತ್ರ ಇತಿಹಾಸ ಪೂರ್ತಿ ಆಗುತ್ತದೆ.

ವಿಮಾನ ನಿಲ್ದಾಣದ ಮಾತು

ಹತ್ತು ತಿಂಗಳು ಆಗಿತ್ತು. ಪಾಟೀಲರಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದರು. ಅದೇ ಹೊತ್ತಿಗೆ ರಾಮನಗರ, ಚನ್ನಪಟ್ಟಣ, ದಾವಣಗೆರೆ ಕಡೆ ಕೋಮು ಗಲಭೆ ಆದವು, ಜೀವಗಳು ಹೋದವು. ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿಯವರು ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬಂದು, ಪಾಟೀಲರನ್ನು ನೋಡಿ, ವಾಪಸ್ಸು ಹೋಗುವಾಗ ವಿಮಾನ ನಿಲ್ದಾಣದಲ್ಲಿಯೇ ನಾಯಕತ್ವ ಬದಲಾಗುತ್ತದೆ ಎಂದು ಪತ್ರಕರ್ತರಿಗೆ ಹೇಳಿದರು. ಅಕ್ಟೋಬರ್ 10ಕ್ಕೆ ರಾಜ್ಯದಲ್ಲಿ ರಾಷ್ಟ್ರಪತಿ ಆಡಳಿತ ಬಂತು. 17ಕ್ಕೆ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿ ಆದರು.

ಗಲಭೆ ಹತ್ತಿದ ರಾಜ್ಯಕ್ಕೆ ಎದ್ದು ಓಡಾಡುವ ಮುಖ್ಯಮಂತ್ರಿ ಬೇಕಿತ್ತು ಎಂಬ ವಾದವೂ ಇದೆ, ಅದನ್ನು ತಳ್ಳಿ ಹಾಕುವಂತಿಲ್ಲ. ಆದರೆ ಮನೆಯ ಹಿರಿಯ ಕಾಯಿಲೆ ಬಿದ್ದಾಗ ಯಜಮಾನಿಕೆ ಬದಲಾಯಿಸುವುದಕ್ಕೂ ಒಂದು ರೀತಿ ಇರುತ್ತದೆ. ಹಾಸಿಗೆಯ ಪಕ್ಕ ಕೂತು, ಕೈ ಹಿಡಿದು, "ಅಪ್ಪಾ, ಇನ್ನ ನೀವು ದಣಕೊಳ್ಳಬ್ಯಾಡ್ರಿ" ಎಂದು ಹೇಳುವುದು ನಮ್ಮ ಕಡೆಯ ರೀತಿ. ಆ ರೀತಿ ಅಲ್ಲಿ ಕಾಣಲಿಲ್ಲ ಎಂಬ ನೋವು ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಉಳಿಯಿತು. 1994ರ ಚುನಾವಣೆಯಲ್ಲಿ 178 ಇದ್ದ ಪಕ್ಷ 34ಕ್ಕೆ ಇಳಿಯಿತು. ಅದಕ್ಕೆ ಕಾರಣ ಹಲವು, ಈ ನೋವೂ ಅದರಲ್ಲಿ ಒಂದು ಎಂದು ರಾಜಕೀಯ ಬಲ್ಲವರು ಹೇಳುತ್ತಾರೆ.

1997ರ ಮಾರ್ಚ್ 14ರಂದು ವೀರೇಂದ್ರ ಪಾಟೀಲರು ತೀರಿಕೊಂಡರು. ವಯಸ್ಸು 73. ಇವತ್ತು ಕಲಬುರಗಿ ನಗರದಲ್ಲಿ ಅವರ ಹೆಸರಿನ ಬಡಾವಣೆ ಇದೆ, ಬೆಂಗಳೂರಿನಲ್ಲಿ ಅವರ ಹೆಸರಿನ ಕಾಲೇಜು ಇದೆ. ಅವರ ನಂತರ ನಮ್ಮ ಭಾಗದಿಂದ ಮುಖ್ಯಮಂತ್ರಿ ಆದವರು ಒಬ್ಬರೇ, ಜೇವರ್ಗಿ ತಾಲೂಕು ನೆಲೋಗಿಯ ಎನ್. ಧರ್ಮಸಿಂಗ್ ಅವರು, 2004ರಲ್ಲಿ. ಅವರೂ ನಮ್ಮ ಜಿಲ್ಲೆಯವರೇ.

ನಮಗೇನು ಮಾಡಿದರು ಎಂಬ ಪ್ರಶ್ನೆ

ಈಗ ಕಟ್ಟೆಯ ಮೇಲೆ ಕೂತವರು ಕೇಳುವ ಪ್ರಶ್ನೆಗೆ ಬರೋಣ. "ಪಾಟೀಲ ಸಾಹೇಬ್ರು ಎರಡು ಸಲ ಮುಖ್ಯಮಂತ್ರಿ ಆದ್ರು, ಖರೆ. ನಮ್ಮ ಭಾಗಕ್ಕ ಏನು ಮಾಡಿದ್ರು?" ಪ್ರಶ್ನೆಯಲ್ಲಿ ತೂಕ ಇದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವೇ ಆಗಿದ್ದವು. ಅವರ ಸ್ವಂತ ಚಿಂಚೋಳಿಯೂ ಆ ಪಟ್ಟಿಯಲ್ಲಿತ್ತು.

ನಾನು ಇದನ್ನು ಹೀಗೆ ನೋಡುತ್ತೇನೆ. ಎರಡೂ ಅವಧಿ ಕೂಡಿಸಿದರೂ ನಾಲ್ಕು ವರ್ಷ ತುಂಬುವುದಿಲ್ಲ. ನೂರಾರು ವರ್ಷದ ಹಿಂದುಳಿಕೆ ಅಷ್ಟರಲ್ಲಿ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತು ಎಂದರೆ, ಒಬ್ಬ ಒಳ್ಳೆಯ ಮನುಷ್ಯ ಮೇಲೆ ಕೂತ ಮಾತ್ರಕ್ಕೆ ಒಂದು ಸೀಮೆ ಎದ್ದು ನಿಲ್ಲುವುದಿಲ್ಲ. ಅವನು ಇಳಿದ ಮೇಲೂ ನಡೆಯುವ ಕಾಯಿದೆ ಬೇಕು, ಸಂಸ್ಥೆ ಬೇಕು, ಕೇಳುವ ಜನ ಬೇಕು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿ, 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371ಜೆ ಸೇರಿಸಿದ ಮೇಲೆ ನಮ್ಮ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು. ಅದು ಯಾವ ಮುಖ್ಯಮಂತ್ರಿ ಬಂದರೂ ಹೋದರೂ ಉಳಿಯುವಂಥದ್ದು. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಹೆಸರಿಗೆ ತಕ್ಕ ಕೆಲಸ ಇನ್ನೂ ಬಾಕಿ ಇದೆ.

ಹಾಗಂತ ಸಂಸ್ಥೆ ಒಂದಿದ್ದರೆ ಸಾಕೇ? ಅದೂ ಸಾಲದು. ಕಾಯಿದೆ ಪುಸ್ತಕ ಎಷ್ಟೇ ದಪ್ಪ ಇರಲಿ, ತಿಜೋರಿ ಕೀಲಿ ಹಿಡಿದ ಕೈ ಸರಿ ಇಲ್ಲದಿದ್ದರೆ ಸೊಸಾಯಿಟಿ ಮುಳುಗುತ್ತದೆ. ಹಂಗೆ ಮುಳುಗಿದ ಸಂಘಗಳ ಕಥೆ ನಾವೆಲ್ಲ ಕೇಳಿದ್ದೇವೆ. ಇಲ್ಲಿ ಪಾಟೀಲರ ಬದುಕು ನಮಗೆ ಬೇಕಾಗುತ್ತದೆ. ನಲವತ್ತು ವರ್ಷ ಅಧಿಕಾರದ ಒಳಗೂ ಹೊರಗೂ ಇದ್ದು, ಒಳ್ಳೆಯ ಆಡಳಿತಗಾರ, ಪ್ರಾಮಾಣಿಕ ಎಂಬ ಹೆಸರನ್ನು ಅವರು ಕಡೆಯ ತನಕ ಉಳಿಸಿಕೊಂಡರು. ಎದುರು ಪಕ್ಷದವರೂ ಆ ಹೆಸರನ್ನು ಒಪ್ಪಿದರು.

ನಮ್ಮ ಸಂಘದ ಸದಸ್ಯರಲ್ಲಿ ಹೆಚ್ಚಿನವರು ಮಳೆ ನಂಬಿದ ತೊಗರಿ, ಜೋಳದ ಒಕ್ಕಲಿಗರು. ಕಮಲಾಪುರ ಕಡೆ ಕೆಲವರಿಗೆ ಕೆಂಪು ಬಾಳೆಯ ತೋಟ ಇದೆ. ಒಬ್ಬೊಬ್ಬರ ಶೇರಿನ ರೊಕ್ಕ ಸಣ್ಣದು. ಆದರೆ ಅದು ಮಗಳ ಮದುವೆಯ ರೊಕ್ಕ, ಬೀಜ ಗೊಬ್ಬರದ ರೊಕ್ಕ, ಮುದಿತನಕ್ಕೆ ಇಟ್ಟ ರೊಕ್ಕ. ಮುಖ್ಯಮಂತ್ರಿಯ ಕುರ್ಚಿಯಾಗಲಿ, ನಮ್ಮ ಆಡಳಿತ ಮಂಡಳಿಯ ಬೆಂಚಾಗಲಿ, ಕೂತವನಿಗೆ ಸ್ವಂತ ಆಸ್ತಿ ಅಲ್ಲ. ಕೆಲವು ದಿನಕ್ಕೆ ಜನ ಕೊಟ್ಟ ಠೇವಣಿ. ಕೇಳಿದ ದಿನ ಲೆಕ್ಕ ಸಮೇತ ತಿರುಗಿ ಕೊಡಬೇಕು. ಇಪ್ಪತ್ತೈದು ವರ್ಷ ಈ ಸಂಘ ನಡೆದು ಬಂದಿದೆ ಎಂದರೆ ಹಿಂದಿನ ಆಡಳಿತ ಮಂಡಳಿಯವರು ಹಾಗೆ ತಿರುಗಿ ಕೊಟ್ಟಿದ್ದಾರೆ ಎಂದೇ ಅರ್ಥ. ಮುಂದಿನ ಇಪ್ಪತ್ತೈದು ವರ್ಷ ನಡೆಯಬೇಕಾದರೆ ಸಾಲ ತಗೊಂಡವರು ವಾಯಿದೆಗೆ ತುಂಬಬೇಕು, ನಿರ್ದೇಶಕರು ಮಹಾಸಭೆಯಲ್ಲಿ ಕೇಳಿದ ಪ್ರಶ್ನೆಗೆ ಸಿಟ್ಟಾಗದೆ ಉತ್ತರ ಕೊಡಬೇಕು, ಸದಸ್ಯರು ಚಹಾ ಕುಡಿದು ಎದ್ದು ಹೋಗದೆ ಜಮಾ ಖರ್ಚು ಓದಿ ಕೇಳಬೇಕು.

ಶಾಲೆ ಕಲಿಯುವ ಮಕ್ಕಳಿಗೆ ಒಂದು ವಿನಂತಿ. ಮನೆಯಲ್ಲಿ ಅಜ್ಜ ಇದ್ದರೆ, ಪಾಟೀಲ ಸಾಹೇಬರ ಕಾಲ ಹೇಗಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಆ ಕಾಲ ಕಂಡವರು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದ್ದಾರೆ.

ಜೈ ಸಹಕಾರ, ಜೈ ಕರ್ನಾಟಕ.